ಹಳೆ ಮಾರುತಿಯ ಪೆಟ್ರೋಲ್ ಪೈಪುಗಳನ್ನು ಮನೆಯಂಗಳದಲ್ಲೇ ಬದಲಿಸಿದ್ದು

ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬರುವುದು ಹಳೆ ಕಾರಿಗೆ ಸಹಜ ಅಂತ ತುಂಬ ಜನ ಹೇಳುತ್ತಾರೆ. ಸಹಜ ಅಲ್ಲ. ಕಾರು ಮೂವತ್ತು ವರ್ಷದ್ದೇ ಇರಲಿ, ಪೈಪುಗಳು ಸರಿಯಾಗಿದ್ದರೆ ವಾಸನೆ ಬರುವುದಿಲ್ಲ. ಬರುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಇನ್ನೂ ಎಷ್ಟೋ ಹಳೆ ಮಾರುತಿ, ಓಮ್ನಿ, ಜಿಪ್ಸಿಗಳು ಓಡುತ್ತಿವೆ. ಎಂಜಿನ್ ಆಯಿಲ್ ಬದಲಿಸುತ್ತೇವೆ, ಟೈರ್ ಹಾಕಿಸುತ್ತೇವೆ, ಬ್ಯಾಟರಿ ತರುತ್ತೇವೆ. ಪೆಟ್ರೋಲ್ ಪೈಪು ಮಾತ್ರ ಗಾಡಿ ಬಂದಾಗ ಇದ್ದದ್ದೇ ಇರುತ್ತದೆ.

ನಮ್ಮದು 1997ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಮಾಡೆಲ್, ಕೆಎ 14 ನಂಬರು. ಅಪ್ಪಯ್ಯ ಕೊಂಡ ಗಾಡಿ. ಮನೆ ಮಂಡಗದ್ದೆಯಿಂದ ಒಳಗೆ, ಮಣ್ಣಿನ ರಸ್ತೆಯಲ್ಲಿ. ಮಳೆಗಾಲದಲ್ಲಿ ಗಾಡಿ ಹೆಚ್ಚು ಹೊರಗೆ ತೆಗೆಯುವುದಿಲ್ಲ, ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿರುತ್ತದೆ. ಉಳಿದ ದಿನಗಳಲ್ಲಿ ತೀರ್ಥಹಳ್ಳಿ ಸಂತೆಗೆ, ಶಿವಮೊಗ್ಗದ ಆಸ್ಪತ್ರೆಗೆ, ನೆಂಟರ ಮನೆಗೆ ಇದೇ ಗಾಡಿ.

ತೊಂದರೆ ಮೊದಲು ಗೊತ್ತಾಗಿದ್ದು ವಾಸನೆಯಿಂದ ಅಲ್ಲ. ಉಡುಪಿಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆವು. ತಿರುವಿನಲ್ಲಿ ಎರಡನೇ ಗೇರಿಗೆ ಹಾಕಿ ಎಕ್ಸಲರೇಟರ್ ಒತ್ತಿದರೆ ಗಾಡಿ ಎಳೆಯುತ್ತಿರಲಿಲ್ಲ, ಜರ್ಕ್ ಹೊಡೆಯುತ್ತಿತ್ತು. ಸಮತಟ್ಟು ರಸ್ತೆಗೆ ಬಂದ ಮೇಲೆ ಏನೂ ಇಲ್ಲ, ಆರಾಮವಾಗಿ ಓಡಿತು. ಆಮೇಲೆ ಬೆಳಗ್ಗೆ ಸ್ಟಾರ್ಟ್ ಆಗುವುದಕ್ಕೆ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕಾಯಿತು. ಕೆಲವು ದಿನ ಬಿಟ್ಟು ಶೆಡ್ಡಿನಲ್ಲಿ ವಾಸನೆ ಶುರುವಾಯಿತು. ಮೊದಲು ಹೇಳಿದ್ದು ಅಮ್ಮ. ಹುಲ್ಲು ತರಲು ಹೋದವರು ವಾಪಸ್ ಬಂದು, "ಕಾರಿನ ಹತ್ರ ಪೆಟ್ರೋಲ್ ನಾತ ಬರ್ತದೆ ಕಣಾ, ಎಂತ ಅಂತ ನೋಡು" ಅಂದರು.

ಈ ಮೂರೂ ಒಂದೇ ಕಾಯಿಲೆಯ ಲಕ್ಷಣ. ಹೇಗೆ ಅಂತ ಹೇಳಬೇಕಾದರೆ ಪೆಟ್ರೋಲ್ ಹೋಗುವ ದಾರಿ ಗೊತ್ತಿರಬೇಕು. ಟ್ಯಾಂಕ್ ಹಿಂದೆ ಇದೆ, ಎಂಜಿನ್ ಮುಂದೆ ಇದೆ. ನಡುವೆ ಗಾಡಿಯ ಹೊಟ್ಟೆಯಡಿ ಕಬ್ಬಿಣದ ಸಣ್ಣ ಪೈಪು ಹೋಗುತ್ತದೆ. ಎರಡೂ ತುದಿಯಲ್ಲಿ ಮಾತ್ರ ರಬ್ಬರ್, ಯಾಕೆಂದರೆ ಎಂಜಿನ್ ಅಲುಗಾಡುತ್ತದೆ, ಗಟ್ಟಿ ಪೈಪು ನೇರ ಜೋಡಿಸಿದರೆ ಮುರಿಯುತ್ತದೆ. ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನಲ್ಲಿ ಇರುವುದಿಲ್ಲ, ಎಂಜಿನ್ ಮೇಲೆಯೇ ಕೂತಿರುತ್ತದೆ, ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಅದನ್ನು ಬಡಿಯುತ್ತದೆ, ಒಳಗಿನ ಡಯಾಫ್ರಮ್ ಅನ್ನುವ ಪೊರೆ ಮೇಲೆ ಕೆಳಗೆ ಆಗಿ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿಗೆ ತಳ್ಳುತ್ತದೆ. ಜಾಸ್ತಿಯಾದ ಪೆಟ್ರೋಲು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ.

ಅಂದರೆ ಟ್ಯಾಂಕಿನಿಂದ ಪಂಪಿನವರೆಗೆ ಪೈಪಿನ ಒಳಗೆ ಎಳೆತ, ಪಂಪಿನಿಂದ ಮುಂದಕ್ಕೆ ಒತ್ತಡ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಎಳೆತದ ಕಡೆ ರಬ್ಬರ್ ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಘಾಟಿ ಹತ್ತುವಾಗ ಜಾಸ್ತಿ ಪೆಟ್ರೋಲ್ ಬೇಕು, ಆಗ ಪಂಪು ಪೆಟ್ರೋಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ. ರಾತ್ರಿ ನಿಂತಾಗ ಅದೇ ಬಿರುಕಿನಿಂದ ಗಾಳಿ ಹೊಕ್ಕು ಪೈಪಿನ ಪೆಟ್ರೋಲ್ ಟ್ಯಾಂಕಿನ ಕಡೆ ಇಳಿದುಬಿಡುತ್ತದೆ, ಅದಕ್ಕೇ ಬೆಳಗ್ಗೆ ಸೆಲ್ಫ್ ಜಾಸ್ತಿ ಹೊಡೆಯಬೇಕು. ಒತ್ತಡದ ಕಡೆ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೇ ಬರುತ್ತದೆ, ಬಿಸಿ ಎಂಜಿನ್ ಮೇಲೆ ಬೀಳುತ್ತದೆ. ನಮ್ಮ ಗಾಡಿಯಲ್ಲಿ ಎರಡೂ ಕಡೆ ಆಗಿತ್ತು.

ನೆಲದಲ್ಲಿ ಪೆಟ್ರೋಲ್ ಕಾಣದಿದ್ದರೆ ಸೋರಿಕೆ ಇಲ್ಲ ಅಂತ ನಂಬಬೇಡಿ. ಪೆಟ್ರೋಲ್ ಬಿದ್ದಷ್ಟೇ ಬೇಗ ಆವಿಯಾಗುತ್ತದೆ. ಅದು ಬಿಟ್ಟು ಹೋಗುವ ಗುರುತು ಹುಡುಕಬೇಕು. ನಮ್ಮ ರಸ್ತೆಯ ಕೆಂಪು ಧೂಳು ಎಂಜಿನ್ ಮೇಲೆಲ್ಲ ಕೂತಿರುತ್ತದೆ, ಅದರಲ್ಲಿ ಒಂದು ಕಡೆ ಮಾತ್ರ ತೊಳೆದ ಹಾಗೆ ಸ್ವಚ್ಛವಾದ ಗೆರೆ ಕಂಡಿತು. ಗೆರೆ ಹಿಡಿದು ಮೇಲೆ ಹೋದರೆ ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪಿನ ತುದಿ. ಕ್ಲಿಪ್ ಕೂತ ಜಾಗದಲ್ಲೇ ರಬ್ಬರ್ ಸೀಳಿತ್ತು. ಪೈಪನ್ನು ಸ್ವಲ್ಪ ಬಗ್ಗಿಸಿ ನೋಡಿದೆ. ಹೊರಮೈ ತುಂಬ ಸಣ್ಣ ಸಣ್ಣ ಬಿರುಕು, ಬೆರಳಿನಲ್ಲಿ ಒತ್ತಿದರೆ ಮರದ ಹಾಗೆ ಗಟ್ಟಿ. ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಇಲಿ ಕಡಿದ ಗುರುತು. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಇಲಿಗಳು ಎಂಜಿನ್ ಕೋಣೆಗೆ ಬರುತ್ತವೆ. ವೈರಿನ ಜೊತೆ ರಬ್ಬರ್ ಪೈಪನ್ನೂ ಬಿಡುವುದಿಲ್ಲ.

ಇನ್ನೊಂದು ಕಡೆ ಬಿಳಿ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬಿನ ತುಂಡು ಇತ್ತು. ಹಿಂದೆ ಒಮ್ಮೆ ದಾರಿಯಲ್ಲಿ ಗಾಡಿ ನಿಂತಾಗ ಒಬ್ಬ ಮೆಕ್ಯಾನಿಕ್ ಹಾಕಿಕೊಟ್ಟಿದ್ದು. ಅವತ್ತು ಅವರು ನಮ್ಮನ್ನು ಮನೆ ಮುಟ್ಟಿಸಿದರು, ಆ ಉಪಕಾರ ದೊಡ್ಡದು. ಆದರೆ ಆ ಟ್ಯೂಬು ಪೆಟ್ರೋಲಿಗೆ ಅಲ್ಲ. ಪಿವಿಸಿಯನ್ನು ಮೆತ್ತಗೆ ಇಡುವ ವಸ್ತುವನ್ನು ಪೆಟ್ರೋಲ್ ಕರಗಿಸಿ ತೆಗೆಯುತ್ತದೆ, ಟ್ಯೂಬು ಹಳದಿಯಾಗಿ, ಗಟ್ಟಿಯಾಗಿ, ಕುಗ್ಗಿ, ಕ್ಲಿಪ್ಪಿನಿಂದ ಜಾರುತ್ತದೆ. ತೋಟಕ್ಕೆ ನೀರು ಬಿಡುವ ಟ್ಯೂಬು, ಲೆವೆಲ್ ನೋಡುವ ಟ್ಯೂಬು, ಇವನ್ನು ಯಾವ ಕಾರಣಕ್ಕೂ ಹಾಕಬೇಡಿ. ಸದ್ಯಕ್ಕೆ ಅಂತ ಹಾಕಿದ್ದು ವರ್ಷಗಟ್ಟಲೆ ಉಳಿದುಬಿಡುತ್ತದೆ.

ರಬ್ಬರ್ ಯಾಕೆ ಹೀಗಾಗುತ್ತದೆ? ಮುಖ್ಯ ಕಾರಣ ವಯಸ್ಸು ಮತ್ತು ಬಿಸಿ. ಇದರಲ್ಲಿ ಗಾಡಿ ಮಾಡಿದವರ ತಪ್ಪು ಏನೂ ಇಲ್ಲ, ಇಷ್ಟು ವರ್ಷ ಬಾಳಿದ್ದೇ ಹೆಚ್ಚು. ಈಗ ಅದರ ಜೊತೆ ಎಥನಾಲ್ ಅನ್ನುವ ಆಲ್ಕೋಹಾಲ್ ಸೇರಿದೆ. ದೇಶದಲ್ಲಿ ಪೆಟ್ರೋಲಿಗೆ ನೂರಕ್ಕೆ 10 ಭಾಗ ಎಥನಾಲ್ ಸೇರಿಸುವ ಗುರಿ 2022ರಲ್ಲಿ ಮುಟ್ಟಿತು. 2023ರ ಫೆಬ್ರವರಿಯಲ್ಲಿ 20 ಭಾಗ ಸೇರಿಸಿದ ಪೆಟ್ರೋಲನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಈಗ ನಮ್ಮ ಊರಿನ ಬಂಕಿನಲ್ಲೂ ಅದೇ. ಅದಕ್ಕೆ ಹೊಂದುವ ರಬ್ಬರು, ಪ್ಲಾಸ್ಟಿಕ್ ಇರುವ ಗಾಡಿಗಳು ಬರಬೇಕು ಅಂತ ಆಗಿದ್ದು 2023ರ ಏಪ್ರಿಲ್‌ನಿಂದ. 1997ರ ಗಾಡಿಯ ಪೈಪು ಇದಕ್ಕಾಗಿ ಮಾಡಿದ್ದಲ್ಲ. ಹಳೆ ಕಾಲದ ನೈಟ್ರೈಲ್ ರಬ್ಬರ್ ಎಥನಾಲ್ ಇರುವ ಪೆಟ್ರೋಲಿನಲ್ಲಿ ಉಬ್ಬುತ್ತದೆ, ಗಾಡಿ ನಿಂತು ಒಣಗಿದಾಗ ಕುಗ್ಗುತ್ತದೆ, ಹೀಗೆ ಉಬ್ಬಿ ಕುಗ್ಗಿ ಬಿರುಕು ಬಿಡುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಲ್ಲುವ ಗಾಡಿಗೆ ಇದು ಒಳ್ಳೆಯದಲ್ಲ.

ನಮ್ಮ ತಂಗಿಯ ಗಂಡ ಕೊಪ್ಪದ ಕಡೆಯವರು, ಹಳೆ ಜೀಪು ಇಟ್ಟುಕೊಂಡಿದ್ದಾರೆ, ಅದರ ಕೆಲಸವೆಲ್ಲ ಅವರದೇ ಕೈಯಲ್ಲಿ. ಫೋನ್ ಮಾಡಿ ಸೀಳಿದ ಪೈಪೊಂದು ಬದಲಿಸಬೇಕು ಅಂತ ಹೇಳಿದೆ. "ಒಂದೇ ಪೈಪ್ ಹಾಕೂದಾದ್ರೆ ನಾನು ಬರೂದಿಲ್ಲ ಭಾವ. ಹಾಕೂದಾದ್ರೆ ಎಲ್ಲ ಹಾಕಿ. ಎಲ್ಲ ಒಂದೇ ವಯಸ್ಸಿಂದು ಅಲ್ವಾ?" ಅಂದರು. ಅವರ ಮಾತು ಸರಿ. ಒಂದು ಹೊಸದು ಹಾಕಿದರೆ ಮುಂದಿನ ತಿಂಗಳು ಪಕ್ಕದ್ದು ಸೀಳುತ್ತದೆ. ಪೈಪಿನ ಖರ್ಚು ದೊಡ್ಡದಲ್ಲ, ತಯಾರಿ ಮಾಡಿಕೊಳ್ಳುವುದೇ ದೊಡ್ಡ ಕೆಲಸ, ಅದನ್ನು ಒಂದೇ ಸಲ ಮಾಡಿ ಮುಗಿಸಬೇಕು.

ಸಾಮಾನು ತರಲು ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋದೆ. ಸೋರುವ ಗಾಡಿ ತೆಗೆದುಕೊಂಡು ಹೋಗುವ ಪ್ರಶ್ನೆಯೇ ಇಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಕೆಲವು ಅಂಗಡಿಗಳಲ್ಲಿ ಕೇಳಿದೆ. ಬರೀ "ಪೆಟ್ರೋಲ್ ಪೈಪ್ ಕೊಡಿ" ಅಂದರೆ ಬೈಕಿಗೆ ಹಾಕುವ ತೆಳು ಪೈಪಿನಿಂದ ಹಿಡಿದು ಏನು ಬೇಕಾದರೂ ಕೊಡುತ್ತಾರೆ. ಪೈಪಿನ ಮೈಮೇಲೆ ಏನು ಬರೆದಿದೆ ಅಂತ ಓದಬೇಕು. ಎಸ್‌ಎಇ ಜೆ30 ಅಂತ ಇರುತ್ತದೆ, ಅದು ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು, ಅದರ ಮುಂದೆ ಆರ್6, ಆರ್7, ಆರ್9 ಅಂತ ಇರುತ್ತದೆ. ಆರ್6, ಆರ್7 ಕಡಿಮೆ ಒತ್ತಡದ ಕಾರ್ಬೊರೇಟರ್ ಗಾಡಿಗೆ. ಆರ್9 ಇಂಜೆಕ್ಷನ್ ಗಾಡಿಗೆ, ಅಂದರೆ ಕಾರ್ಬೊರೇಟರ್ ಬದಲು ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಗಾಡಿಗೆ. ಈ ಪೈಪಿನ ಒಳಪದರ ಫ್ಲೋರೋ ರಬ್ಬರಿನದು, ಎಥನಾಲಿಗೆ ಹೆದರುವುದಿಲ್ಲ. ನಮ್ಮ ಗಾಡಿಯ ಪಂಪಿನ ಒತ್ತಡ ಸೈಕಲ್ ಟೈರಿನ ಗಾಳಿಗಿಂತ ಎಷ್ಟೋ ಕಡಿಮೆ, ಒತ್ತಡ ಮಾತ್ರ ನೋಡಿದರೆ ಆರ್7 ಸಾಕು. ಆದರೂ ಎಥನಾಲಿನ ಕಾರಣಕ್ಕೆ ಆರ್9 ತೆಗೆದುಕೊಂಡೆ. ಬೆಲೆ ಜಾಸ್ತಿ, ಆದರೆ ಬೇಕಾಗಿರುವುದು ಎರಡು ಮೂರು ಮೀಟರ್ ಅಷ್ಟೇ. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿರುವ ಪೈಪಿಗೆ ಮಾತ್ರ ಆರ್10 ಅಂತ ಬೇರೆಯೇ ಇದೆ, ಆರ್9 ಅಲ್ಲಿಗೆ ಆಗುವುದಿಲ್ಲ, ಯಾಕೆಂದರೆ ಅದರ ಹೊರಪದರ ಪೆಟ್ರೋಲ್ ತಡೆಯುವುದಿಲ್ಲ.

ಅಳತೆಗೆ ಹಳೆ ಪೈಪಿನ ತುಂಡು ಕೊಂಡೊಯ್ಯುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬಾರದು. ಹಳೇ ರಬ್ಬರ್ ಉಬ್ಬಿರುತ್ತದೆ. ಪೈಪು ಕೂರುವ ಲೋಹದ ಮೂತಿಯನ್ನು ವರ್ನಿಯರ್‌ನಲ್ಲಿ ಅಳೆಯಬೇಕು. ನಮ್ಮದರಲ್ಲಿ 6 ಮಿಲಿಮೀಟರ್ ಬಂತು, ಹಾಗಾಗಿ ಒಳ ಅಳತೆ 6 ಇರುವ ಪೈಪು. ಆವಿ ಹೋಗುವ ಪೈಪು ಇನ್ನೂ ಸಣ್ಣದು, ಅದನ್ನು ಬೇರೆ ಅಳೆದೆ.

ಕ್ಲಿಪ್ಪಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ನಮ್ಮ ಗಾಡಿಯ ಪೈಪು ಸೀಳಿದ್ದೇ ಕ್ಲಿಪ್ ಇದ್ದಲ್ಲಿ. ಸಾಮಾನ್ಯ ಸ್ಕ್ರೂ ಕ್ಲಿಪ್ಪಿನ ಪಟ್ಟಿಯಲ್ಲಿ ಉದ್ದಕ್ಕೂ ಸೀಳು ತೂತುಗಳಿರುತ್ತವೆ, ಬಿಗಿ ಮಾಡಿದಾಗ ರಬ್ಬರ್ ಆ ತೂತಿನೊಳಗೆ ತುರುಕಿಕೊಂಡು ಕತ್ತರಿಸುತ್ತದೆ. ಪೆಟ್ರೋಲ್ ಪೈಪಿಗೆ ಅಂತಲೇ ಬರುವ ಕ್ಲಿಪ್ಪಿನ ಪಟ್ಟಿ ಒಳಗೆ ನುಣುಪಾಗಿರುತ್ತದೆ, ಅಂಚು ಮೇಲಕ್ಕೆ ಮಡಚಿರುತ್ತದೆ, ಬೋಲ್ಟ್ ಹಾಕಿ ಸುತ್ತ ಸಮನಾಗಿ ಬಿಗಿ ಮಾಡಬಹುದು. ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ ತೆಗೆದುಕೊಂಡೆ. ನಮ್ಮ ಮಳೆಗೆ ಬೇರೆ ಕ್ಲಿಪ್ಪು ಒಂದೆರಡು ವರ್ಷದಲ್ಲಿ ತುಕ್ಕು ಹಿಡಿದು ಬಿಚ್ಚಲಿಕ್ಕೇ ಬರುವುದಿಲ್ಲ. ಅಂಗಡಿಯವರು, "ಇಷ್ಟೆಲ್ಲ ಯಾಕೆ ಸಾರ್, ಮಾಮೂಲಿ ಕ್ಲಿಪ್ಪೇ ಎಲ್ಲರೂ ಹಾಕ್ತಾರೆ" ಅಂದರು. ಆದರೂ ಹುಡುಕಿ ಕೊಟ್ಟರು. ಜೊತೆಗೆ ಹೊಸ ಪೆಟ್ರೋಲ್ ಫಿಲ್ಟರ್ ಒಂದು, ನೈಟ್ರೈಲ್ ಕೈಗವಸು ಮತ್ತು 2 ಕೆಜಿಯ ಪೌಡರ್ ಬೆಂಕಿ ಆರಿಸುವ ಸಿಲಿಂಡರ್.

ಈಗ ತಯಾರಿ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಮನೆಗಳ ಅಪಾಯ ಪೇಟೆಯ ಗ್ಯಾರೇಜಿನ ಅಪಾಯಕ್ಕಿಂತ ಬೇರೆ.

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿ ಹೋಗುವುದಿಲ್ಲ, ನೆಲ ಹಿಡಿದು ಇಳಿಜಾರಿನ ಕಡೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಮಲೆನಾಡಿನ ಮನೆ ಅಂದರೆ ಬಚ್ಚಲ ಒಲೆ ಇದ್ದೇ ಇರುತ್ತದೆ, ಹಂಡೆಯ ಅಡಿ ಕೆಂಡ ಇಡೀ ದಿನ ಇರುತ್ತದೆ. ನಮ್ಮ ಬಚ್ಚಲು ಅಂಗಳಕ್ಕಿಂತ ಕೆಳಗಿದೆ. ಅಂಗಳದಲ್ಲಿ ಪೆಟ್ರೋಲ್ ಬಿಚ್ಚಿದರೆ ಆವಿ ಹೋಗುವುದು ಸೀದಾ ಅಲ್ಲಿಗೇ. ಅದಕ್ಕೆ ಹಿಂದಿನ ರಾತ್ರಿಯೇ ಮನೆಯವರಿಗೆಲ್ಲ ಹೇಳಿದೆ, ಬೆಳಗ್ಗೆ ಬೇಗ ಮಿಂದು ಮುಗಿಸಬೇಕು, ಆಮೇಲೆ ಒಲೆ ಪೂರ್ತಿ ಆರಿಸಿ ನೀರು ಹಾಕಬೇಕು ಅಂತ. ಅಡಿಕೆ ಕೊನೆ ಕೊಯ್ಲು ಶುರುವಾಗುವ ಮುಂಚೆಯೇ ಈ ಕೆಲಸ ಇಟ್ಟುಕೊಂಡಿದ್ದೂ ಅದಕ್ಕೇ. ಅಡಿಕೆ ಬೇಯಿಸುವ ಒಲೆ ಹೊತ್ತಿದ ಮೇಲೆ ಅಂಗಳದ ಹತ್ತಿರ ಬೆಂಕಿ ಆರುವುದೇ ಇಲ್ಲ. ಅಮ್ಮ ಒಂದು ಮಾತೂ ಎದುರು ಹೇಳದೆ ದೇವರ ದೀಪವನ್ನೂ ಬೇಗ ಹಚ್ಚಿ ಶಾಂತ ಮಾಡಿದರು. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದೆವು.

ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಳ್ಳಿಕೊಂಡು ಬಂದು, ಗಾಳಿ ಆಡುವ ಕಡೆ, ಮುಂಭಾಗ ಏರಿನ ಕಡೆ ಇರುವಂತೆ ನಿಲ್ಲಿಸಿದೆವು. ಹೀಗೆ ನಿಲ್ಲಿಸಿದರೆ ಎಂಜಿನ್ ಟ್ಯಾಂಕಿಗಿಂತ ಎತ್ತರದಲ್ಲಿರುತ್ತದೆ, ಪೈಪು ಎಳೆದಾಗ ಟ್ಯಾಂಕಿನ ಪೆಟ್ರೋಲು ತಾನಾಗಿ ಹರಿದು ಬರುವುದಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟೆವು. ಟ್ಯಾಂಕಿನಲ್ಲಿ ಪೆಟ್ರೋಲ್ ಹೇಗೂ ಕಡಿಮೆ ಇತ್ತು. ಎಂಜಿನ್ ರಾತ್ರಿಯಿಂದ ನಿಂತು ಪೂರ್ತಿ ತಣ್ಣಗಾಗಿತ್ತು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಇಟ್ಟೆ. ಆಮೇಲೆ ಟ್ಯಾಂಕಿನ ಮುಚ್ಚಳ ಸ್ವಲ್ಪ ತೆರೆದು ಒಳಗಿನ ಆವಿಯ ಒತ್ತಡ ಬಿಟ್ಟು ಮತ್ತೆ ಮುಚ್ಚಿದೆ. ಸಿಲಿಂಡರ್ ಕೈಗೆ ಸಿಗುವ ಹಾಗೆ, ಆದರೆ ಗಾಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಬೆಂಕಿ ಬಿದ್ದರೆ ಅದು ಬಾನೆಟ್ ಒಳಗೇ ಬೀಳುತ್ತದೆ, ಸಿಲಿಂಡರೂ ಅಲ್ಲೇ ಇದ್ದರೆ ಪ್ರಯೋಜನ ಇಲ್ಲ. ಒಂದು ಬಕೆಟ್ ಮರಳು ಕೂಡ. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು, ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನೂ ದೂರ ಹರಡುತ್ತದೆ. ಮೊಬೈಲ್‌ಗಳನ್ನು ಜಗಲಿಯಲ್ಲೇ ಬಿಟ್ಟೆವು. ಬಟ್ಟೆ ಹತ್ತಿಯದು.

ತಂಗಿಯ ಗಂಡ, ನಾನೂ ಅವರನ್ನು ಭಾವ ಅಂತಲೇ ಕರೆಯುವುದು, ಬಂದ ಮೇಲೆ ಮೊದಲು ಮಾಡಿದ್ದು, ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಒಂದು ಕಾಗದದಲ್ಲಿ ಚಿತ್ರ ಬರೆದಿದ್ದು. ಬಣ್ಣದ ದಾರದ ತುಂಡುಗಳನ್ನು ಲೋಹದ ಮೂತಿಗಳಿಗೆ ಕಟ್ಟಿದರು. ಕೆಂಪು ದಾರ ಟ್ಯಾಂಕಿನಿಂದ ಬರುವುದಕ್ಕೆ, ಬಿಳಿ ವಾಪಸ್ ಹೋಗುವುದಕ್ಕೆ. ಇವೆರಡು ಅದಲು ಬದಲಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಆದರೆ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಒಂದು ಪೈಪು ತೆಗೆದರೆ ಹೊಸದು ಹಾಕಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುವುದು ಅಂತಲೂ ಮಾತಾಯಿತು.

ಹಳೆ ಪೈಪು ಎಳೆದರೆ ಬರುವುದಿಲ್ಲ. ಇಪ್ಪತ್ತೈದು ವರ್ಷ ದಾಟಿದ ರಬ್ಬರ್ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ತಿರುಚಿದರೆ ಕಾರ್ಬೊರೇಟರಿನ ಮೂತಿಯೇ ಬಗ್ಗಬಹುದು, ಸಡಿಲವಾಗಬಹುದು. ಆಮೇಲೆ ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಹೋಗುತ್ತದೆ. ಹೊಸ ಬ್ಲೇಡ್ ತೆಗೆದುಕೊಂಡು ಪೈಪಿನ ಉದ್ದಕ್ಕೆ ಮೇಲಿಂದ ಸೀಳಬೇಕು, ಬಾಳೆ ಸಿಪ್ಪೆ ಬಿಡಿಸಿದಂತೆ ಬಿಡಿಸಬೇಕು. ಬ್ಲೇಡು ಲೋಹಕ್ಕೆ ತಾಗುವಷ್ಟು ಆಳಕ್ಕೆ ಒತ್ತಬಾರದು. ಮೂತಿಯ ಮೇಲೆ ಉದ್ದ ಗೀರು ಬಿದ್ದರೆ ಅದೇ ಗೀರಿನಲ್ಲಿ ಮುಂದೆ ಪೆಟ್ರೋಲ್ ಜಿನುಗುತ್ತದೆ. ಪೂರ್ತಿ ಆಳಕ್ಕೆ ಸೀಳುವ ಅಗತ್ಯವೂ ಇಲ್ಲ, ಮುಕ್ಕಾಲು ಸೀಳಿದರೆ ಉಳಿದದ್ದು ಬೆರಳಿನಲ್ಲಿ ಬಿಚ್ಚುತ್ತದೆ. ಭಾವ ಇದನ್ನು ಎಷ್ಟು ನಿಧಾನಕ್ಕೆ ಮಾಡಿದರೆಂದರೆ, ನೋಡುತ್ತಾ ನಿಂತ ಅಪ್ಪಯ್ಯ ಕೂಡ ಕುರ್ಚಿ ತರಿಸಿಕೊಂಡು ಕೂತರು.

ಪೈಪು ಬಿಚ್ಚಿದಾಗ ಒಳಗೆ ಉಳಿದ ಪೆಟ್ರೋಲ್ ಸ್ವಲ್ಪ ಬಂದೇ ಬರುತ್ತದೆ. ಕೆಳಗೆ ಬನಿಯನ್ ವೇಸ್ಟ್ ಹಾಸಿ, ಸಣ್ಣ ಸ್ಟೀಲ್ ಡಬ್ಬಿ ಹಿಡಿದೆವು. ಟ್ಯಾಂಕಿನ ಕಡೆಯ ಲೋಹದ ಪೈಪಿಗೆ ತಕ್ಷಣ ಒಂದು ತುಂಡು ಹೊಸ ರಬ್ಬರ್ ಚುಚ್ಚಿ, ಅದರ ಇನ್ನೊಂದು ತುದಿಗೆ 6 ಮಿಲಿಮೀಟರ್ ಬೋಲ್ಟ್ ತುರುಕಿ ಬಾಯಿ ಮುಚ್ಚಿದೆವು. ಇಂಥ ಬಿರಡೆಯನ್ನು ಮೊದಲೇ ಮಾಡಿ ಇಟ್ಟುಕೊಂಡಿರಬೇಕು, ಕೈಮೇಲೆ ಪೆಟ್ರೋಲ್ ಹರಿಯುವಾಗ ಹುಡುಕುವುದಲ್ಲ.

ಲೋಹದ ಮೂತಿಗಳಲ್ಲಿ ಒಂದಕ್ಕೆ ತುಕ್ಕು ಹಿಡಿದಿತ್ತು. 400 ನಂಬರಿನ ಎಮರಿ ಕಾಗದದಿಂದ, ಬಾಯಿಗೆ ಬಟ್ಟೆ ತುರುಕಿ, ಸುತ್ತಲೂ ಹಗುರಕ್ಕೆ ಉಜ್ಜಿ ಒರೆಸಿದೆ. ಹೊಸ ಪೈಪನ್ನು ಬ್ಲೇಡಿನಲ್ಲೇ ನೇರಕ್ಕೆ ಕತ್ತರಿಸಬೇಕು. ಹ್ಯಾಕ್ಸಾದಲ್ಲಿ ಕೊಯ್ದರೆ ರಬ್ಬರಿನ ಹುಡಿ ಒಳಗೆ ಉಳಿದು ಸೀದಾ ಕಾರ್ಬೊರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತಿಗೆ, ಹೋಗಿ ಕೂರುತ್ತದೆ. ಕತ್ತರಿಸಿದ ಮೇಲೆ ಒಳಗೆ ಒಮ್ಮೆ ಊದಿ, ಬೆಳಕಿಗೆ ಹಿಡಿದು ನೋಡಿದೆ. ಉದ್ದ ಹಳೆಯದಕ್ಕಿಂತ ಒಂದೆರಡು ಬೆರಳು ಜಾಸ್ತಿ ಇಟ್ಟೆ. ಎಂಜಿನ್ ಅಲುಗಿದಾಗ ಬಿಗಿಯಬಾರದು, ಹಾಗಂತ ಜೋತು ಬಿದ್ದು ಬಿಸಿ ಎಕ್ಸಾಸ್ಟಿಗೆ ತಾಗಲೂಬಾರದು, ಬಗ್ಗುವ ಕಡೆ ಮಡಚಿಕೊಳ್ಳಲೂಬಾರದು.

ಪೈಪು ಹಾಕುವ ಮುಂಚೆ ಕ್ಲಿಪ್ಪು ಏರಿಸಿಕೊಳ್ಳಬೇಕು. ಮೂತಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿದರೆ ಪೈಪು ಸಲೀಸಾಗಿ ಜಾರುತ್ತದೆ. ಗ್ರೀಸು, ಗಮ್ಮು, ಎಂ-ಸೀಲು ಯಾವುದೂ ಬೇಡ. ಕಮ್ಮಿ ಅಂದರೂ ಒಂದು ಇಂಚು ಒಳಗೆ ಹೋಗಬೇಕು. ಮೂತಿಯ ತುದಿಯಲ್ಲಿ ಸುತ್ತ ಉಬ್ಬು ಇರುತ್ತದೆ, ಕ್ಲಿಪ್ಪು ಆ ಉಬ್ಬಿನ ಹಿಂದೆ ಕೂರಬೇಕು, ಅದರ ಮೇಲೆ ಅಲ್ಲ. ಉಬ್ಬಿನ ಮೇಲೆ ಬಿಗಿ ಮಾಡಿದರೆ ಪೈಪು ನಿಧಾನಕ್ಕೆ ಜಾರಿಕೊಂಡು ಹೊರಬರುತ್ತದೆ. ಬಿಗಿ ಎಷ್ಟು ಅಂದರೆ, ಪಟ್ಟಿಯ ಅಂಚಿನಲ್ಲಿ ರಬ್ಬರ್ ಚೂರು ಉಬ್ಬಿದ್ದು ಕಂಡರೆ ಸಾಕು. ಫಿಲ್ಟರಿನ ಮೈಮೇಲೆ ಬಾಣದ ಗುರುತು ಇರುತ್ತದೆ, ಅದು ಪೆಟ್ರೋಲ್ ಹೋಗುವ ದಿಕ್ಕಿಗೆ ಇರಬೇಕು. ಹಳೆ ಫಿಲ್ಟರ್ ಬಿಚ್ಚಿ ಬಿಳಿ ಕಾಗದದ ಮೇಲೆ ಬಗ್ಗಿಸಿದಾಗ ಕಪ್ಪು ಹುಡಿ ಬಿತ್ತು. ಅದೆಲ್ಲ ಪೈಪಿನ ಒಳಗಿನ ರಬ್ಬರೇ. ಹೊರಗೆ ಬಿರುಕು ಕಾಣುವ ಮುಂಚೆಯೇ ಪೈಪು ಒಳಗಿಂದ ಉದುರಲು ಶುರುವಾಗಿರುತ್ತದೆ.

ಎಂಜಿನ್ ಕಡೆಯದು ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಚೆಲ್ಲಿದ್ದನ್ನೆಲ್ಲ ಒರೆಸಿ, ಬಟ್ಟೆಗಳನ್ನು ದೂರ ಬಯಲಿನಲ್ಲಿ ಹರಡಿ, ಬಾನೆಟ್ ತೆರೆದೇ ಬಿಟ್ಟು ಊಟ ಮಾಡಿದೆವು. ಆವಿ ಪೂರ್ತಿ ಹೋಗಲಿಕ್ಕೆ ಸಮಯ ಕೊಡಲೇಬೇಕು. ಆಮೇಲೆ ಬ್ಯಾಟರಿ ಜೋಡಿಸಿದೆ. ಕಾರ್ಬೊರೇಟರ್ ಖಾಲಿ ಇರುವುದರಿಂದ ಪಂಪು ತುಂಬಿಸುವವರೆಗೆ ಸೆಲ್ಫ್ ಹೊಡೆಯಬೇಕು, ಒಂದೇ ಸಮನೆ ಅಲ್ಲ, ಬಿಟ್ಟು ಬಿಟ್ಟು. ನಾನು ಸೆಲ್ಫ್ ಹೊಡೆದೆ, ಭಾವ ಸಿಲಿಂಡರ್ ಹಿಡಿದು ಪೈಪುಗಳನ್ನೇ ನೋಡುತ್ತಾ ನಿಂತರು. ಸ್ಟಾರ್ಟ್ ಆಯಿತು. ಒಣ ಪೇಪರಿನ ತುಂಡನ್ನು ಒಂದೊಂದು ಜಾಯಿಂಟಿಗೂ ತಾಗಿಸಿ ನೋಡಿದೆವು. ಕಣ್ಣಿಗೆ ಕಾಣದ ತೇವ ಪೇಪರಿನಲ್ಲಿ ಕಾಣುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್ನೊಮ್ಮೆ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಎಲ್ಲ ಒಣ.

ಇಂಜೆಕ್ಷನ್ ಗಾಡಿ ಇರುವವರು ಇದನ್ನು ಓದಿ ಹಾಗೇ ಮಾಡಬೇಡಿ. ಅದರಲ್ಲಿ ಪಂಪು ಟ್ಯಾಂಕಿನ ಒಳಗೆ ಇರುತ್ತದೆ, ಒತ್ತಡ ಎಷ್ಟೋ ಪಟ್ಟು ಜಾಸ್ತಿ, ಎಂಜಿನ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಸುಮ್ನೆ ಕ್ಲಿಪ್ಪು ಸಡಿಲ ಮಾಡಿದರೆ ಪೆಟ್ರೋಲ್ ಕಣ್ಣಿಗೇ ಚಿಮ್ಮಬಹುದು. ಮೊದಲು ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು. ಅಲ್ಲಿ ಆರ್9ಗಿಂತ ಕಡಿಮೆ ಪೈಪು ಹಾಕಲೇಬಾರದು. ಕೆಲವು ಗಾಡಿಗಳಲ್ಲಿ ರಬ್ಬರೇ ಇಲ್ಲ, ನೈಲಾನ್ ಪೈಪು ಮತ್ತು ಒತ್ತಿದರೆ ಬಿಚ್ಚುವ ಜಾಯಿಂಟ್ ಇರುತ್ತದೆ, ಅದನ್ನು ಕತ್ತರಿಸಿ ರಬ್ಬರ್ ಸೇರಿಸುವುದು ತಪ್ಪು.

ಟ್ಯಾಂಕಿನ ಕಡೆಯ ಕೆಲಸ ಮರುದಿನಕ್ಕೆ ಇಟ್ಟುಕೊಂಡೆವು. ಏರಿನಲ್ಲಿ ನಿಂತ ಗಾಡಿಗೆ ಜಾಕಿ ಕೊಡುವುದು ಅಪಾಯ, ಅದಕ್ಕೆ ಅಡಿಕೆ ಒಣಗಿಸುವ ಸಿಮೆಂಟ್ ಕಣಕ್ಕೆ ತಂದು ನಿಲ್ಲಿಸಿದೆವು. ನಮ್ಮಲ್ಲಿ ಗಾಡಿ ಎತ್ತಿದ ಮೇಲೆ ಜಂಬಿಟ್ಟಿಗೆ ಕಲ್ಲು ಕೊಡುವ ರೂಢಿ ಇದೆ. ದಯವಿಟ್ಟು ಬೇಡ. ಜಂಬಿಟ್ಟಿಗೆ ಗೋಡೆಗೆ ಒಳ್ಳೆಯದು, ಒಂದೇ ಜಾಗದಲ್ಲಿ ಭಾರ ಬಿದ್ದರೆ ಪುಡಿಯಾಗುತ್ತದೆ. ಭಾವ ಕಬ್ಬಿಣದ ಸ್ಟ್ಯಾಂಡುಗಳನ್ನು ಜೀಪಿನಲ್ಲಿ ಹಾಕಿಕೊಂಡೇ ಬಂದಿದ್ದರು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಕೈಯಲ್ಲಿ ಒತ್ತುವ ಸೈಫನ್ ಪಂಪಿನಿಂದ ಲೋಹದ ಕ್ಯಾನಿಗೆ ತೆಗೆದೆವು. ಬಾಯಿಯಲ್ಲಿ ಎಳೆಯುವುದನ್ನು ನಮ್ಮ ಊರಿನಲ್ಲಿ ಎಲ್ಲರೂ ಮಾಡುತ್ತಾರೆ, ಆದರೆ ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಗಾಡಿಯ ಹಿಂಭಾಗದಲ್ಲಿ ನೋಡಿದ್ದು ಹೋಗುವ ಪೈಪು, ಬರುವ ಪೈಪು, ಆವಿಯ ಸಣ್ಣ ಪೈಪು. ಮೂರೂ ಮುಂದಿನವಕ್ಕಿಂತ ಕೆಟ್ಟ ಸ್ಥಿತಿಯಲ್ಲಿದ್ದವು, ಕೆಸರು ಮೆತ್ತಿಕೊಂಡು ಹೊರಗೆ ಏನೂ ಕಾಣುತ್ತಿರಲಿಲ್ಲ. ಬ್ರಷ್ಷಿನಲ್ಲಿ ಉಜ್ಜಿದ ಮೇಲೆ ಬಿರುಕು ಕಂಡಿತು. ಮಲಗಿಕೊಂಡು, ಮುಖದ ಮೇಲೆ ಮಣ್ಣು ಉದುರುತ್ತಿರುವಾಗ, ಕೈ ಹೋಗದ ಜಾಗದಲ್ಲಿ ಕ್ಲಿಪ್ಪು ಬಿಗಿ ಮಾಡುವುದು ಕಷ್ಟದ ಕೆಲಸ. ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ. ಪೆಟ್ರೋಲ್ ತುಂಬುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ಪೈಪನ್ನೂ ನೋಡಿದೆವು, ಅದರ ಒಂದು ತುದಿ ಬಿರಿಯಲು ಶುರುವಾಗಿತ್ತು. ಫುಲ್ ಟ್ಯಾಂಕ್ ಮಾಡಿಸಿದ ದಿನ ಮಾತ್ರ ವಾಸನೆ ಬಂದು ಆಮೇಲೆ ಹೋಗುತ್ತದೆ ಅಂದರೆ ಇದನ್ನೇ ಮೊದಲು ನೋಡಿ. ಇದನ್ನು ಮೀಟರ್ ಲೆಕ್ಕದ ಪೈಪಿನಲ್ಲಿ ಮಾಡಲಾಗುವುದಿಲ್ಲ, ಬಾಗಿದ ಆಕಾರದಲ್ಲೇ ಬರುತ್ತದೆ. ಶಿವಮೊಗ್ಗದಲ್ಲಿ ಹೇಳಿ ತರಿಸಿ, ಬಂದ ಮೇಲೆ ಹಾಕಿದೆ. ಅಲ್ಲಿವರೆಗೆ ಟ್ಯಾಂಕಿಗೆ ಸ್ವಲ್ಪ ಸ್ವಲ್ಪವೇ ಪೆಟ್ರೋಲ್ ಹಾಕಿಸಿಕೊಂಡು ಓಡಿಸಿದೆವು.

ಎಲ್ಲ ಸೇರಿ ಆದ ಖರ್ಚಿನಲ್ಲಿ ಪೈಪಿಗಿಂತ ಬೆಂಕಿ ಆರಿಸುವ ಸಿಲಿಂಡರಿಗೇ ಜಾಸ್ತಿ ಆಯಿತು. ಅದು ಈಗ ಶೆಡ್ಡಿನ ಕಂಬಕ್ಕೆ ನೇತು ಹಾಕಿದೆ.

ಗಾಡಿಯ ಹೊಟ್ಟೆಯಡಿ ಮಲಗಿದಾಗ ಇನ್ನೊಂದು ವಿಷಯ ಕಂಡಿತು. ಕಬ್ಬಿಣದ ಪೈಪು ಬಾಡಿಗೆ ಕ್ಲ್ಯಾಂಪ್ ಆಗಿರುವ ಕಡೆ ನೀರು ನಿಂತು ತುಕ್ಕು ಹಿಡಿದಿದೆ. ಚಾಕುವಿನ ತುದಿಯಲ್ಲಿ ಕೆರೆದು ನೋಡಿದೆವು, ಇನ್ನೂ ಗಟ್ಟಿ ಇದೆ. ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಬಳಿದಿದ್ದೇವೆ. ಆ ಪೈಪು ತೂತಾದರೆ ರಬ್ಬರ್ ತುಂಡು ಸೇರಿಸಿ ಕ್ಲಿಪ್ ಹಾಕುವುದಲ್ಲ, ಉದ್ದಕ್ಕೂ ಹೊಸ ಲೋಹದ ಪೈಪೇ ಹಾಕಬೇಕು, ತುದಿಗಳಿಗೆ ಉಬ್ಬು ಹೊಡೆಯುವ ಸಾಧನ ಬೇಕು. ಭಾವನ ಹತ್ತಿರ ಅದು ಇಲ್ಲ, ಹಾಗಾಗಿ ಮುಂದಿನ ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದಲ್ಲೇ ಮಾಡಿಸುವುದು ಅಂತ ನಿಶ್ಚಯ ಮಾಡಿದ್ದೇವೆ. ಅಲ್ಲಿವರೆಗೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ಪೈಪುಗಳನ್ನು ಬೆರಳಿನಲ್ಲಿ ಒತ್ತಿ ನೋಡುತ್ತೇನೆ, ಇಲಿ ಬಂದ ಗುರುತು ಇದೆಯಾ ಅಂತ ಹುಡುಕುತ್ತೇನೆ. ಘಾಟಿಯಲ್ಲಿ ಈಗ ಎರಡನೇ ಗೇರಿನಲ್ಲಿ ಒಂದೇ ಸಮನೆ ಹತ್ತುತ್ತದೆ, ಬೆಳಗ್ಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ.